ಹೆಗಲ ಮೇಲಿನ ಎಫ್‌.ಡಿ.

ಮದುವೆ ಮನೆಯಲ್ಲಿ ಈಕೆಯನ್ನು ಗುರುತು ಹಿಡಿಯುವುದು ಸುಲಭ. ಊಟಕ್ಕೆ ಕೂತಾಗ ಉಳಿದವರು ಬ್ಯಾಗನ್ನು ಕುರ್ಚಿಯ ಬೆನ್ನಿಗೆ ನೇತುಹಾಕುತ್ತಾರೆ, ಇಲ್ಲವೇ ಕಾಲ ಬಳಿ ಇಟ್ಟುಕೊಳ್ಳುತ್ತಾರೆ. ಈಕೆ ಪಕ್ಕದ ಕುರ್ಚಿಯ ಮೇಲೆ ಕರ್ಚೀಫು ಹಾಸಿ ಅದರ ಮೇಲೆ ಬ್ಯಾಗನ್ನು ಕೂರಿಸಿರುತ್ತಾಳೆ. 'ಇಲ್ಲಿ ಯಾರಾದ್ರೂ ಬರ್ತಾರಾ?' ಎಂದು ಯಾರೋ ಹಿರಿಯರು ಕೇಳಿದರೆ, ಮುಖ ಎತ್ತದೆ 'ಹೂಂ, ಬರ್ತಾರೆ' ಅನ್ನುತ್ತಾಳೆ. ಸಾರಿನ ಬಕೆಟ್ಟು ಹಿಡಿದವನು ಪಂಕ್ತಿಯಲ್ಲಿ ಹತ್ತಿರವಾದಂತೆ ಅವಳ ಎಡಗೈ ತಾನಾಗಿ ಬ್ಯಾಗಿನ ಮೇಲೆ ಹೋಗುತ್ತದೆ, ಎಳೆಗೂಸಿನ ನೆತ್ತಿ ಮುಚ್ಚುವ ಹಾಗೆ. ಎದುರು ಪಂಕ್ತಿಯಲ್ಲಿ ಅವಳ ಎಂಟು ವರ್ಷದ ಮಗ ಹೊಸ ಶರ್ಟಿನ ತುಂಬ ಪಾಯಸ ಚೆಲ್ಲಿಕೊಂಡಿದ್ದಾನೆ. ಚಿಂತೆಯಿಲ್ಲ. ಮಗನಿಗೆ ರೀಸೇಲ್ ವ್ಯಾಲ್ಯೂ ಇಲ್ಲ.

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಇಂಥವರು ಬ್ಲಾಕಿಗೊಬ್ಬರಾದರೂ ಸಿಗುತ್ತಾರೆ. ಹೆಸರೇನಾದರೂ ಇರಲಿ, ರೀಸೇಲ್ ಅತ್ತಿಗೆ ಅನ್ನೋಣ. ವಯಸ್ಸು ನಲವತ್ತರ ಆಚೀಚೆ. ಒಳ್ಳೆಯ ಕೆಲಸ, ಸ್ವಂತ ಫ್ಲಾಟು, ತನ್ನದೇ ಡಿಮ್ಯಾಟ್ ಖಾತೆ. ದುಂದುಗಾರ್ತಿ ಖಂಡಿತ ಅಲ್ಲ. ತೊಂದರೆ ಇರುವುದೇ ಅಲ್ಲಿ. ದುಂದುಗಾರ್ತಿಯಾಗಿದ್ದರೆ ಮನಸ್ಸಿಗೆ ಬಂದ ಬ್ಯಾಗು ತಂದು, ಎರಡು ದಿನ ಹೊಟ್ಟೆ ಉರಿಸಿಕೊಂಡು, ಮೂರನೇ ದಿನದಿಂದ ಅದರಲ್ಲಿ ಬೀಗದಕೈ, ಛತ್ರಿ, ಕರಿಬೇವು ತುಂಬಿಕೊಂಡು ಓಡಾಡುತ್ತಿದ್ದಳು. ಈಕೆ ಬೆಳೆದದ್ದು ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವ ಮನೆಯಲ್ಲಿ. ಅಂಥವರಿಗೆ ಎರಡು ಲಕ್ಷದ ಬ್ಯಾಗು ಕೊಳ್ಳಲು ಆಸೆಯೊಂದೇ ಸಾಲದು, ಕಾರಣವೂ ಬೇಕು. ಆ ಕಾರಣದ ಹೆಸರೇ ರೀಸೇಲ್.

'ಇದು ಖರ್ಚಲ್ಲ ರೀ, ಹೆಗಲಿಗೆ ಹಾಕ್ಕೊಳ್ಳೋ ಎಫ್‌.ಡಿ.' ಎಂದು ಗಂಡನಿಗೆ ಹೇಳಿದಳು. ಆತ ಎದುರು ಮಾತಾಡಲಿಲ್ಲ. ಆಡಲು ಬಾಯಿಯೂ ಇರಲಿಲ್ಲ. ನೀಲಿ ಕಾರು ಇಷ್ಟಪಟ್ಟು, 'ಮಾರೋವಾಗ ಬಿಳಿಗೇ ರೇಟು' ಎಂದು ಯಾರೋ ಹೇಳಿದ್ದಕ್ಕೆ ಬಿಳಿ ಕಾರು ತಂದು, ಎರಡು ವರ್ಷ ಸೀಟಿನ ಪ್ಲಾಸ್ಟಿಕ್ ಕವರು ತೆಗೆಯದೆ ಬೆವರಿದ ಮನುಷ್ಯ ಅವನು.

ಅತ್ತಿಗೆಯ ಬತ್ತಳಿಕೆಯಲ್ಲಿರುವ ದೊಡ್ಡ ಬಾಣ ಬರ್ಕಿನ್. ಪ್ಯಾರಿಸ್ಸಿನ ಎರ್ಮೆಸ್ ಕಂಪನಿ 1984ರಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಹೆಸರಿನಲ್ಲಿ ಹೊರತಂದ ಬ್ಯಾಗು. ವಿಮಾನದಲ್ಲಿ ಜೇನ್ ತನ್ನ ಬುಟ್ಟಿಯಲ್ಲಿದ್ದುದನ್ನೆಲ್ಲ ಚೆಲ್ಲಿಕೊಂಡು, ಮಕ್ಕಳಿರುವ ಹೆಂಗಸಿಗೆ ಸರಿಯಾದ ಒಂದು ಬ್ಯಾಗೂ ಸಿಗುವುದಿಲ್ಲವೆಂದು ಗೊಣಗಿದರಂತೆ. ಪಕ್ಕದ ಸೀಟಿನಲ್ಲಿದ್ದದ್ದು ಎರ್ಮೆಸ್‌ನ ಮುಖ್ಯಸ್ಥ ಜಾನ್-ಲೂಯಿ ದ್ಯೂಮಾ. ಈ ಕಥೆಯನ್ನು ಅತ್ತಿಗೆ ಮನೆಯವರಿಗೆಲ್ಲ ಹೇಳಿದ್ದಾಳೆ. ಆದರೆ ಮೊದಲ ಸಲ 'ಎರ್ಮೆಸ್' ಅಂದಾಗ ಅವಳ ಅತ್ತೆಗೆ ಕೇಳಿಸಿದ್ದು ಬೇರೆ.

'ಎಮ್ಮೆ ಚರ್ಮದ್ದೇನಮ್ಮ?'

'ಅಲ್ಲ ಅತ್ತೆ, ಎರ್ಮೆಸ್ ಅಂತ ಕಂಪನಿ. ಚರ್ಮ ಕರೂದು.'

'ಇನ್ನೂ ಚೆನ್ನಾಗಾಯ್ತು' ಎಂದು ಅತ್ತೆ ಎದ್ದು ಅಡುಗೆಮನೆಗೆ ಹೋದರು.

ಬರ್ಕಿನ್ ಚಿನ್ನಕ್ಕಿಂತ ಮೇಲು ಎನ್ನುವುದು ಅತ್ತಿಗೆಯ ಅಚಲ ನಂಬಿಕೆ. ಅದಕ್ಕೆ ಆಧಾರವೂ ಉಂಟು. ಬರ್ಕಿನ್ ಬ್ಯಾಗಿನ ಬೆಲೆ ವರ್ಷಕ್ಕೆ ಸರಾಸರಿ ಶೇ. 14.2ರಂತೆ ಏರಿತೆಂದೂ ಷೇರು, ಚಿನ್ನ ಎರಡೂ ಅದರ ಮುಂದೆ ಸಪ್ಪೆಯೆಂದೂ 2016ರಲ್ಲಿ ಒಂದು ಅಧ್ಯಯನ ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಅಚ್ಚು ಹಾಕಿದವು. ಅಧ್ಯಯನ ಮಾಡಿದವರು ಯಾರು ಎನ್ನುವುದು ಮಾತ್ರ ಅತ್ತಿಗೆಯ ಕಣ್ಣಿಗೆ ಬಿದ್ದಿಲ್ಲ: ಬ್ಯಾಗ್‌ಹಂಟರ್, ಅಂದರೆ ಇಂಥವೇ ಬ್ಯಾಗುಗಳನ್ನು ಮಾರುವ ಅಂಗಡಿ. ಹಲಸಿನಹಣ್ಣು ಆರೋಗ್ಯಕ್ಕೆ ಎಷ್ಟು ಒಳ್ಳೆಯದೆಂದು ಹಲಸಿನ ಗಾಡಿಯವನನ್ನೇ ಕೇಳಿದಂತೆ. ಅದೇ 2016ರಲ್ಲಿ ಹತ್ತು ಗ್ರಾಂ ಚಿನ್ನ ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು; 2025ರ ಏಪ್ರಿಲ್‌ನಲ್ಲಿ ಲಕ್ಷ ದಾಟಿತು. ಅತ್ತೆಯವರು ಯಾವ ಅಧ್ಯಯನವನ್ನೂ ಓದದೆ ಆ ಒಂಬತ್ತು ವರ್ಷವೂ ಬಳೆ ತೊಟ್ಟುಕೊಂಡೇ ಪಾತ್ರೆ ತೊಳೆದಿದ್ದಾರೆ.

ಬರ್ಕಿನ್‌ಗೆ ಬೆಲೆ ನಿಂತಿದೆ ಎನ್ನುವುದು ಸುಳ್ಳಲ್ಲ. ಆದರೆ ಆ ಬೆಲೆ ಚರ್ಮ, ಹೊಲಿಗೆಗಳಿಗೆ ಮಾತ್ರ ಬಂದದ್ದಲ್ಲ, ಕೇಳಿದವರಿಗೆ ಕೊಡದಿರುವ ಗತ್ತಿಗೂ ಬಂದದ್ದು. ಅಂಗಡಿಗೆ ಹೋಗಿ ದುಡ್ಡು ಎಣಿಸಿದರೆ ಬರ್ಕಿನ್ ಸಿಗದು. ಮೊದಲು ಸ್ಕಾರ್ಫು, ಚಪ್ಪಲಿ, ತಟ್ಟೆ ಲೋಟ ಕೊಂಡು ಒಳ್ಳೆಯ ಗಿರಾಕಿ ಎನಿಸಿಕೊಳ್ಳಬೇಕು ಎಂಬ ದೂರು ಹೊತ್ತು 2024ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಕೋರ್ಟಿಗೇ ಹೋದರು; ಮರುವರ್ಷ ಕೋರ್ಟು ಅದನ್ನು ವಜಾ ಮಾಡಿತು. ಸಕ್ಕರೆ ಬೇಕಿದ್ದರೆ ಸೋಪೂ ತಗೋ ಎನ್ನುತ್ತಿದ್ದ ನಮ್ಮ ಹಳೆಯ ಸೊಸೈಟಿ ಅಂಗಡಿ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಸಿಗದವರು ಸೆಕೆಂಡ್‌ಹ್ಯಾಂಡ್ ಪೇಟೆಗೆ ಬಂದು ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಆ ಹೆಚ್ಚುವರಿಯೂ 2022ರ ನಂತರ ಇಳಿಮುಖವಾಗಿದೆ.

ಇಷ್ಟೆಲ್ಲ ಹೇಳಿದ ಅತ್ತಿಗೆಯ ಬೀರುವಿನಲ್ಲಿರುವುದು ಬರ್ಕಿನ್ ಅಲ್ಲ. ಅದು ಬೇರೊಂದು ಹೆಸರಾಂತ ಕಂಪನಿಯ, ದುಡ್ಡು ಕೊಟ್ಟ ಯಾರಿಗಾದರೂ ಸಿಗುವ ಬ್ಯಾಗು. ಇಂದಿರಾನಗರದ ರೇಟು ಹೇಳಿ ಹೊಸಕೋಟೆಯಾಚೆ ಸೈಟು ಮಾರುವ ಬ್ರೋಕರುಗಳನ್ನು ಕಂಡಿದ್ದೇವೆ. ತನಗೆ ತಾನೇ ಹಾಗೆ ಮಾರಿಕೊಂಡವಳು ಇವಳು. ಷೋರೂಮಿನ ಬಾಗಿಲು ದಾಟುತ್ತಿದ್ದಂತೆ ಬೆಲೆ ಜಾರುವುದು ಕಾರಿಗೆ ಮಾತ್ರ ಅಲ್ಲ. ಡಿಸೈನರ್ ಬ್ಯಾಗುಗಳಲ್ಲಿ ಹೆಚ್ಚಿನವಕ್ಕೂ ಅದೇ ಗತಿ. ಕೊಂಡ ಬೆಲೆ ಉಳಿಸಿಕೊಳ್ಳುವುದು ಎರ್ಮೆಸ್‌ನ ಕೆಲವು, ಷನೆಲ್, ಲೂಯಿ ವಿಟಾನ್‌ಗಳ ಇನ್ನು ಕೆಲವು. ಷನೆಲ್‌ನ ಕ್ಲಾಸಿಕ್ ಫ್ಲಾಪ್ ಬ್ಯಾಗು 2019ರಲ್ಲಿ ಅಮೆರಿಕದಲ್ಲಿ ಆರು ಸಾವಿರ ಡಾಲರಿಗೂ ಕಡಿಮೆಯಿದ್ದದ್ದು 2023ಕ್ಕೆ ಹತ್ತು ಸಾವಿರ ದಾಟಿತು. 'ನೋಡಿ, ಏರ್ತಾ ಇದೆ' ಅನ್ನುತ್ತಾಳೆ ಅತ್ತಿಗೆ. ಏರಿದ್ದು ಅಂಗಡಿಯವನು ಕೇಳುವ ಬೆಲೆ. ನಾವು ಮಾರಲು ಹೋದಾಗ ಅವನು ಕೊಡುವ ಬೆಲೆ ಬೇರೆಯೇ ಲೆಕ್ಕ.

ಅವಳ ಬ್ಯಾಗು ಕಪ್ಪು. ಚಿಕ್ಕಂದಿನಿಂದ ಅವಳಿಗೆ ಗಿಣಿಹಸಿರೆಂದರೆ ಪ್ರಾಣ. ಧಾರೆ ಸೀರೆ ಬಿಟ್ಟರೆ ಮದುವೆಯ ಸೀರೆಗಳೆಲ್ಲ ಅದೇ ಬಣ್ಣದವು. ಅಂಗಡಿಯಲ್ಲಿ ಗಿಣಿಹಸಿರು ಬ್ಯಾಗೊಂದು ಕಣ್ಣೆದುರೇ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಎರಡು ಸಲ ತಿರುಗಿದಳಂತೆ, ಸೆಲ್ಫಿಯನ್ನೂ ತೆಗೆದುಕೊಂಡಳಂತೆ. ಕೊನೆಗೆ ಬಿಲ್ಲು ಮಾಡಿಸಿದ್ದು ಕಪ್ಪಿಗೆ. ಕಪ್ಪು, ಕಂದು, ಬೂದು ಬಣ್ಣಕ್ಕೆ ಯಾವಾಗಲೂ ಗಿರಾಕಿ ಇರುತ್ತಾರೆ ಎನ್ನುವುದು ರೀಸೇಲ್ ಶಾಸ್ತ್ರದ ಮೊದಲ ಪಾಠ. ಅದೂ ಪೂರ್ತಿ ನಿಜವಲ್ಲ. ಜಪಾನಿನ ಕಲಾವಿದ ತಕಾಶಿ ಮುರಕಾಮಿ 2003ರಲ್ಲಿ ಲೂಯಿ ವಿಟಾನ್‌ಗೆ ಮಾಡಿಕೊಟ್ಟ ಬಣ್ಣಬಣ್ಣದ ಬ್ಯಾಗು ಆಮೇಲೆ ಹಳೇ ಫ್ಯಾಷನ್ ಎನಿಸಿಕೊಂಡು ಮೂಲೆ ಸೇರಿತ್ತು. 2025ರ ಜನವರಿಯಲ್ಲಿ ಕಂಪನಿ ಅದನ್ನು ಮತ್ತೆ ಹೊರತಂದಾಗ ಜನ ಹಳೆಯವನ್ನೂ ಹುಡುಕಿ ಹುಡುಕಿ ಕೊಂಡರು. ಇಷ್ಟಪಟ್ಟು ತಗೊಂಡು ಇಟ್ಟುಕೊಂಡಿದ್ದವರೇ ಗೆದ್ದರು. ಅವರು ಲೆಕ್ಕ ಹಾಕಿರಲಿಲ್ಲ.

ಇನ್ನು ಆ ಕಪ್ಪು ಬ್ಯಾಗಿನ ಉಪಚಾರ. ಒಳಗೆ ಆಕಾರ ಕೆಡದಂತೆ ಹಳೆಯ ಲಂಗದ ಬಟ್ಟೆಯ ಉಂಡೆ. ಮಗನ ಶೂ ಡಬ್ಬಿಯಿಂದ ಆರಿಸಿದ ಸಿಲಿಕಾ ಪೊಟ್ಟಣ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಹದಿನೈದು ದಿನಕ್ಕೊಮ್ಮೆ ನೆರಳಿನಲ್ಲಿ ಗಾಳಿಗಿಡುವುದು. ಲೋಹದ ಕೊಂಡಿಗೆ ಅಂಗಡಿಯಲ್ಲಿ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿಲ್ಲ. ಮಳೆ ಹನಿದರೆ ಸೆರಗು ಬ್ಯಾಗಿಗೆ, ತಲೆ ದೇವರಿಗೆ. ಅರಿಶಿನ ಕುಂಕುಮಕ್ಕೆ ಹೋದಾಗ ನಿಜವಾದ ಪರೀಕ್ಷೆ: ಒದ್ದೆ ವೀಳ್ಯದೆಲೆ, ತೆಂಗಿನಕಾಯಿ, ಕೋಸಂಬರಿಯ ದೊನ್ನೆ, ರವಿಕೆ ಕಣ. ಇವನ್ನೆಲ್ಲ ಎಲ್ಲಿಡುವುದು? ಅದಕ್ಕೇ ಅತ್ತಿಗೆ ಎಲ್ಲಿಗೆ ಹೋದರೂ ಜವಳಿ ಅಂಗಡಿಯ ಹೆಸರು ಅಚ್ಚಾದ ಹಳದಿ ಕೈಚೀಲವೊಂದನ್ನು ಒಯ್ಯುತ್ತಾಳೆ. ಫೋನು, ಪರ್ಸು, ಮಾತ್ರೆ, ನೀರಿನ ಬಾಟಲಿ, ತಾಂಬೂಲ ಎಲ್ಲ ಆ ಕೈಚೀಲದಲ್ಲಿ. ಎರಡು ಲಕ್ಷದ ಬ್ಯಾಗಿನಲ್ಲಿ ಲಂಗದ ಉಂಡೆ.

ಮುಂದೆಂದೋ ಕೊಳ್ಳಲಿರುವ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳ ಬ್ಯಾಗನ್ನು ಈಕೆ ಸಂಬಳವಿಲ್ಲದೆ ಕಾಯುತ್ತಿದ್ದಾಳೆ. ಕಾಯುವ ಕೆಲಸಕ್ಕೆ ತಾನೇ ಎರಡು ಲಕ್ಷ ಠೇವಣಿಯನ್ನೂ ಕೊಟ್ಟಿದ್ದಾಳೆ.

ಜಗತ್ತಿನಲ್ಲಿ ಇದುವರೆಗೆ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ತಂದ ಕೈಚೀಲ ಯಾವುದು ಎಂದು ಅತ್ತಿಗೆಯನ್ನು ಕೇಳಿದರೆ ತಡಮಾಡದೆ ಹೇಳುತ್ತಾಳೆ: ಜೇನ್ ಬರ್ಕಿನ್‌ಗೆಂದೇ ಮಾಡಿದ ಮೊಟ್ಟಮೊದಲ ಬರ್ಕಿನ್, 2025ರ ಜುಲೈ 10, ಪ್ಯಾರಿಸ್ಸಿನ ಸದಬೀಸ್ ಹರಾಜು, 86 ಲಕ್ಷ ಯೂರೊ. ಆ ಬ್ಯಾಗು ಹೇಗಿತ್ತು ಎನ್ನುವುದನ್ನು ಮಾತ್ರ ಬಾಯಿಬಿಡುವುದಿಲ್ಲ. ಒಡತಿ ಅದನ್ನು ವರ್ಷಗಟ್ಟಲೆ ಬಿಡುವಿಲ್ಲದೆ ಹೊತ್ತು ತಿರುಗಿದ್ದರು. ಮೈಮೇಲೆ ಸ್ಟಿಕ್ಕರ್ ಅಂಟಿಸಿ ಕಿತ್ತ ಗುರುತು, ಗೀರು, ಸವಕಲು. ಪಟ್ಟಿಗೆ ಒಂದು ಉಗುರು ಕತ್ತರಿ ನೇತಾಡುತ್ತಿತ್ತು. 1994ರಲ್ಲಿ ಏಡ್ಸ್ ರೋಗಿಗಳ ನೆರವಿಗೆಂದು ಜೇನ್ ಅದನ್ನು ಹರಾಜಿಗೆ ಕೊಟ್ಟುಬಿಟ್ಟರು. ಅತ್ತಿಗೆಯ ಶಾಸ್ತ್ರದ ಪ್ರಕಾರ ಆ ಸ್ಥಿತಿಯ ಬ್ಯಾಗಿಗೆ ಮೂರು ಕಾಸೂ ಹುಟ್ಟಬಾರದು.

ಸರ್ಕಾರವೂ ತನ್ನ ಪಕ್ಷದಲ್ಲಿದೆ ಎಂದು ಅವಳಿಗೆ ಅನಿಸಿದ್ದು 2025ರ ಏಪ್ರಿಲ್‌ನಲ್ಲಿ. ಹತ್ತು ಲಕ್ಷಕ್ಕೂ ಮೇಲ್ಪಟ್ಟ ಐಷಾರಾಮಿ ಸರಕು ಮಾರುವವರು ಗಿರಾಕಿಯಿಂದ ಶೇ. 1ರಷ್ಟು ಆದಾಯ ತೆರಿಗೆ ವಸೂಲಿ ಮಾಡಬೇಕೆಂಬ ಅಧಿಸೂಚನೆ ಹೊರಬಿತ್ತು. ಪಟ್ಟಿಯಲ್ಲಿ ಕೈಗಡಿಯಾರ, ಹೆಲಿಕಾಪ್ಟರು, ವಿಹಾರ ನೌಕೆ, ರೇಸು ಕುದುರೆಗಳ ಜೊತೆಗೆ ಹ್ಯಾಂಡ್‌ಬ್ಯಾಗೂ ಇದೆ. 'ಕುದುರೆ ಸಾಲಲ್ಲಿ ಇಟ್ಟಿದ್ದಾರೆ ನೋಡಿ' ಎಂದಳು. 'ಕುದುರೆ ಓಡುತ್ತೆ ಕಣೇ' ಎಂದು ಗಂಡ ಗೊಣಗಿದ. ಅವಳ ಬ್ಯಾಗು ಹತ್ತು ಲಕ್ಷದ ಹತ್ತಿರವೂ ಸುಳಿಯುವುದಿಲ್ಲ ಎನ್ನುವುದನ್ನು ಇಬ್ಬರೂ ಎತ್ತಲಿಲ್ಲ.

ಅವಳ ಓರಗಿತ್ತಿಯದು ಬೇರೆ ದಾರಿ. ಯಾರೋ ಎರಡು ಸಲ ಹಾಕಿ ಬಿಟ್ಟ ಬ್ಯಾಗನ್ನು ಅರ್ಧಕ್ಕಿಂತ ಕಡಿಮೆಗೆ ಕೊಳ್ಳುತ್ತಾಳೆ, ಒಂದು ವರ್ಷ ಟೊಮೇಟೊ ಸಮೇತ ಹೊರುತ್ತಾಳೆ, ಹೆಚ್ಚುಕಮ್ಮಿ ಅದೇ ರೇಟಿಗೆ ದಾಟಿಸುತ್ತಾಳೆ. ಮೊದಲ ಜಾರುವಿಕೆಯ ಪೆಟ್ಟು ಇನ್ಯಾರದೋ ಬೆನ್ನಿಗೆ ಬಿದ್ದಾಗಿರುತ್ತದೆ. ರೀಸೇಲ್ ಲೆಕ್ಕ ನಿಜಕ್ಕೂ ಕೂಡುವುದು ಇಂಥವರಿಗೆ, ಮತ್ತೆ ಡಬ್ಬಿಯನ್ನೇ ಬಿಚ್ಚದೆ ಮಾರುವ ಅಪ್ಪಟ ವ್ಯಾಪಾರಿಗಳಿಗೆ. ನಡುವೆ ನಿಂತವರಿಗೆ ಬ್ಯಾಗೂ ಇಲ್ಲ, ಲಾಭವೂ ಇಲ್ಲ. ಅತ್ತೆಯವರದಂತೂ ಇನ್ನೂ ನೇರ. ಅವರ ಮದುವೆಯ ಮೈಸೂರು ಸಿಲ್ಕ್ ಮೂರು ನಾಮಕರಣ, ಎರಡು ಮುಂಜಿ, ಲೆಕ್ಕವಿಲ್ಲದಷ್ಟು ವರಮಹಾಲಕ್ಷ್ಮಿ ಹಬ್ಬ ಕಂಡಿತು. ಮಡಿಕೆಗಳಲ್ಲಿ ಹರಿದಾಗ ಹಳೇ ಜರಿ ಕೊಳ್ಳುವವನನ್ನು ಕರೆದು, ಅಂಚನ್ನು ತೂಕಕ್ಕೆ ಹಾಕಿ, ಬಂದ ದುಡ್ಡಿಗೆ ಇಡ್ಲಿ ಪಾತ್ರೆ ತಂದರು. ಮೈಸೂರು ಸಿಲ್ಕ್ ನೇಯುವ ಕೆ.ಎಸ್‌.ಐ.ಸಿ.ಯ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಉಟ್ಟು ಹರಿದರೂ ಅದು ಎಲ್ಲಿಗೂ ಹೋಗುವುದಿಲ್ಲ.

ಕಳೆದ ವರ್ಷ ಅತ್ತಿಗೆ ಧೈರ್ಯ ಮಾಡಿ ಬ್ಯಾಗನ್ನು ರೀಸೇಲ್ ಅಂಗಡಿಗೆ ಒಯ್ದಳು. ಮಾರುವ ಮನಸ್ಸಿರಲಿಲ್ಲ, ರೇಟು ಗೊತ್ತಾಗಲಿ ಎಂದು. ಬಿಳಿ ಗ್ಲೌಸು ತೊಟ್ಟ ಹುಡುಗ ಟಾರ್ಚು ಬಿಟ್ಟು ನಾಲ್ಕೂ ಮೂಲೆ ನೋಡಿದ. ಹೊಲಿಗೆ ಎಣಿಸಿದ. ಆಮೇಲೆ ಬ್ಯಾಗಿನೊಳಗೆ ಮೂಗು ಹಾಕಿದವನು ತಟ್ಟನೆ ತಲೆ ಎತ್ತಿದ.

'ಮೇಡಂ, ನುಸಿಗುಳಿಗೆ ಇಟ್ಟಿದ್ರಾ?'

'ಹುಳ ಬರಬಾರದು ಅಂತ...'

'ಈ ವಾಸನೆ ಹೋಗಲ್ಲ ಮೇಡಂ. ಬಾಕ್ಸು, ಡಸ್ಟ್ ಬ್ಯಾಗು, ಬಿಲ್ಲು ಇದೆಯಾ? ಫುಲ್ ಸೆಟ್ ಇದ್ರೆ ತೊಂಬತ್ತು ಸಾವಿರದವರೆಗೂ ನೋಡಬಹುದು. ಅದರಲ್ಲಿ ನಮ್ಮ ಕಮಿಷನ್ನು ಹೋಗುತ್ತೆ. ದುಡ್ಡು ಮಾತ್ರ ಮಾರಾಟ ಆದ್ಮೇಲೆ.'

ಅತ್ತಿಗೆ ಮನೆಗೆ ಬಂದವಳೇ ಮಂಚದ ಅಡಿ, ಅಟ್ಟ, ಬೀರುವಿನ ತಲೆ ಎಲ್ಲ ಜಾಲಾಡಿದಳು. ಬಿಲ್ಲು ಸಿಕ್ಕಿತು. ಬಾಕ್ಸು ಸಿಗಲಿಲ್ಲ. ಕೊನೆಗೆ ಅತ್ತೆಯನ್ನೇ ಕೇಳಿದಳು.

'ಆ ಗಟ್ಟಿ ಡಬ್ಬಿನಾ? ಎಷ್ಟು ಚೆನ್ನಾಗಿತ್ತಮ್ಮ, ಸುಮ್ನೆ ಬಿದ್ದಿತ್ತು. ಪಟ್ಟದ ಗೊಂಬೆ ಇಟ್ಟಿದ್ದೀನಿ. ಆ ಮೆತ್ತಗಿನ ಬಟ್ಟೆ ಚೀಲದಲ್ಲಿ ರಾಣಿ ಗೊಂಬೆ ಸುತ್ತಿದ್ದೀನಿ, ಮೂಗು ಮುಕ್ಕಾಗಬಾರದು ನೋಡು.'

ನವರಾತ್ರಿಗೆ ಗೊಂಬೆ ಕೂರಿಸಿದ ಹತ್ತು ದಿನ ಡಬ್ಬಿ ಖಾಲಿಯಿತ್ತು. ಆ ಹತ್ತು ದಿನವೂ ಮನೆ ತುಂಬ ನೆಂಟರು, ಅಂಗಡಿಗೆ ಹೋಗಲು ಪುರುಸೊತ್ತಾಗಲಿಲ್ಲ. ವಿಜಯದಶಮಿ ಮುಗಿದ ಮರುದಿನ ರಾಜ ರಾಣಿ ಇಬ್ಬರೂ ಮತ್ತೆ ಡಬ್ಬಿ ಸೇರಿ ಅಟ್ಟ ಹತ್ತಿದರು. ಬ್ಯಾಗು ಬೀರುವಿನಲ್ಲಿದೆ, ದಿಂಬಿನ ಕವರಿನೊಳಗೆ.