ನನ್ನ ಫೋನು ಯಾವ ಪಾರ್ಟಿ?

ಸಂಬಂಧ ನೋಡಲು ಬಂದವರು ಹಿಂದೆಲ್ಲ ತೊಗರಿ ಹೊಲ ಎಷ್ಟು ಎಕರೆ, ಹುಡುಗ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪರ್ಮನೆಂಟೋ ಕಾಂಟ್ರಾಕ್ಟೋ ಎಂದು ಕೇಳುತ್ತಿದ್ದರು. ಈಗ ಹುಡುಗಿಯ ತಮ್ಮ "ಅಣ್ಣಾ, ಸ್ವಲ್ಪ ಫೋನ್ ಕೊಡ್ರಿ" ಎಂದು ಇಸಿದುಕೊಂಡು ಯೂಟ್ಯೂಬ್ ಹಿಸ್ಟರಿ ನೋಡುತ್ತಾನೆ. ನನ್ನದನ್ನು ಹಾಗೆ ನೋಡಿದ ಸೇಡಂ ಕಡೆಯ ಹುಡುಗನೊಬ್ಬ ಮೇಲಕ್ಕೂ ಕೆಳಕ್ಕೂ ಬೆರಳು ಜಾರಿಸಿ, ಕಡೆಗೆ ಫೋನನ್ನು ಎರಡೇ ಬೆರಳಲ್ಲಿ ಹಿಡಿದು ವಾಪಸು ಕೊಟ್ಟು, "ಅಣ್ಣಾ, ನೀವು ಖರೇನೇ ಯಾರ ಕಡಿಯವ್ರು?" ಎಂದ. ಸಂಬಂಧ ಕೂಡಲಿಲ್ಲ. ಜಾತಕ ಕೂಡಿತ್ತು, ಹಾಡು ಕೂಡಲಿಲ್ಲ.

ಹುಡುಗನದೇನೂ ತಪ್ಪಿಲ್ಲ. ಪಟ್ಟಿಯಲ್ಲಿ ಮೊದಲಿಗೆ ಆನಂದ ಶಿಂದೆಯವರ ಮರಾಠಿ ಭೀಮಗೀತೆ. ಅದರ ಕೆಳಗೆ ಸೇವಾಲಾಲ್ ಮಹಾರಾಜರ ಮೇಲಿನ ಲಂಬಾಣಿ ಹಾಡು, ಖ್ವಾಜಾ ಬಂದೇ ನವಾಜರ ಕವ್ವಾಲಿ, ಬಸವಣ್ಣನ ವಚನಕ್ಕೆ ಯಾರೋ ಪುಣ್ಯಾತ್ಮ ಡಿಜೆ ಬೇಸ್ ಕೂಡಿಸಿದ್ದು, ಗಣಪತಿ ವಿಸರ್ಜನೆಯ ನಾನ್‌ಸ್ಟಾಪ್, ಮೊಹರಂ ರಿವಾಯತ್ ಪದ, ನಡುನಡುವೆ ತೆಲುಗಿನ ದೇವಿಶ್ರೀ ಪ್ರಸಾದ್. ನಮ್ಮ ಕಲಬುರಗಿ ಕಡೆ ಹಾಡಿಗೂ ಮನೆ ನಂಬರ್ ಇರುತ್ತದೆ. ಯಾವ ಹಾಡಿಗೆ ಯಾವ ಓಣಿಯ ಹುಡುಗರು ಕುಣಿಯಬೇಕು, ಯಾವ ಹಾಡು ಬಂದಾಗ ಯಾವ ಓಣಿಯ ಹಿರಿಯರು ಬಾಗಿಲು ಮುಚ್ಚಿಕೊಳ್ಳಬೇಕು ಎಂಬುದು ಯಾರೂ ಬರೆದಿಡದ ಕಾಯ್ದೆ. ಫೆಬ್ರವರಿ 15ಕ್ಕೆ ಸೇವಾಲಾಲ್ ಜಯಂತಿ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಆಮೇಲೆ ಬಸವ ಜಯಂತಿ, ಆಮೇಲೆ ಗಣಪ್ಪ. ಟ್ರಾಕ್ಟರ್ ಅದೇ, ಸ್ಪೀಕರ್ ಬಾಕ್ಸ್ ಅವೇ, ಮುಂದೆ ಕುಣಿಯುವ ಧೂಳು ಕೂಡ ಅದೇ. ಬದಲಾಗುವುದು ಬಾವುಟ ಮತ್ತು ಪೆನ್‌ಡ್ರೈವ್. ಸೌಂಡ್ ಸರ್ವಿಸ್ ಇಟ್ಟಿರುವ ನನ್ನ ಗೆಳೆಯನ ಬಳಿ ನೀಲಿ, ಕೇಸರಿ, ಹಸಿರು, ಬಿಳಿ ಬಣ್ಣದ ಪೆನ್‌ಡ್ರೈವುಗಳು ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಮಲಗಿರುತ್ತವೆ. ಆ ಡಬ್ಬಿಯಲ್ಲಿರುವಷ್ಟು ಶಾಂತಿ ತಾಲ್ಲೂಕಿನಲ್ಲಿ ಇನ್ನೆಲ್ಲೂ ಇಲ್ಲ. ಅಡ್ವಾನ್ಸ್ ಎಲ್ಲರಿಗೂ ಒಂದೇ ರೇಟು.

ನಾನು ಮಾತ್ರ ಎಲ್ಲ ಪೆನ್‌ಡ್ರೈವನ್ನೂ ಒಂದೇ ಫೋನಿಗೆ ಸುರಿದುಕೊಂಡು ಕುಂತವನು. ನನ್ನನ್ನು ಬೈಯುವವರು ಮೊದಲು ಈ ನೆಲವನ್ನು ಬೈಯಬೇಕು. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿತು. ಅಂದಿನಿಂದ ವಾಡಿ ಜಂಕ್ಷನ್ನಿನಲ್ಲಿ ಮುಂಬೈ, ಮದ್ರಾಸು, ಹೈದರಾಬಾದು ಮೂರೂ ಕಡೆಯ ಗಾಳಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದೆ. ಅಲ್ಲಿ ಮಿರ್ಚಿ ಭಜಿ ತಿನ್ನುತ್ತ ಅರ್ಧ ತಾಸು ನಿಂತರೆ ಮೂರು ಭಾಷೆಯ ಹಾಡು ಪುಕ್ಕಟೆ. ಶಹಾಬಾದಿನ ಕಲ್ಲಿನ ಪಾಲಿಶ್ ಮಷಿನ್ನುಗಳ ನಡುವೆ ಹಿಂದಿ ಗಝಲ್ ಹಚ್ಚಿ ಕೆಲಸ ಮಾಡುವವರನ್ನು ನಾನೇ ಕಂಡಿದ್ದೇನೆ. ಚಿಂಚೋಳಿ ದಾಟಿದರೆ ತೆಲಂಗಾಣ. ಅಲ್ಲಿಯ ತಾಂಡಾದ ಹುಡುಗರಿಗೆ ಮನೆಯಲ್ಲಿ ಲಂಬಾಣಿ, ಸಾಲೆಯಲ್ಲಿ ಕನ್ನಡ, ಸಿನಿಮಾಕ್ಕೆ ತಾಂಡೂರು. ಇನ್ನು ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೆಂದರೆ ಸಾಕ್ಷಾತ್ ಮಾನ್ಯಖೇಟ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳಿದ ಜಾಗ. ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹಳೆಯ ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಕನ್ನಡ ನಾಡಿನ ಮೇರೆಯನ್ನು ಗೋದಾವರಿತನಕ ಒಯ್ದ ಪುಸ್ತಕ ಅದು. ಅದೇ ಕೋಟೆಯ ಕೆಳಗೆ ಗಣಪತಿಯ ಮುಂದೆ ಹುಡುಗರು 'ಪುಷ್ಪ'ನ ಹಾಗೆ ಒಂದು ಹೆಗಲೆತ್ತಿ ಕುಣಿಯುತ್ತಾರೆ. ಕನ್ನಡ ಗೋದಾವರಿಗೆ ಹೋದ ದಾರಿಯಲ್ಲೇ ತೆಲುಗು ಕಾಗಿಣಾಕ್ಕೆ ಬಂದಿದೆ, ಲೆಕ್ಕ ಚುಕ್ತಾ. ಆ ಅಭಿಮಾನಕ್ಕೇ ನನ್ನ ಫೋನಿನ ಬ್ಲೂಟೂತಿಗೆ 'ನೃಪತುಂಗ' ಎಂದು ಹೆಸರಿಟ್ಟಿದ್ದೇನೆ. ಇದನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊಸ ಹಾಡುಗಳ ಬಗ್ಗೆ ನನ್ನವು ಕೆಲವು ಗಟ್ಟಿ ಅಭಿಪ್ರಾಯಗಳಿವೆ, ಯಾರೂ ಕೇಳಿಲ್ಲ. 2024ರ 'ಕೃಷ್ಣಂ ಪ್ರಣಯ ಸಖಿ' ಸಿನಿಮಾದ ದ್ವಾಪರದ ಹಾಡನ್ನು ನಮ್ಮವ್ವ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು. ಹಾಡಿದವರು ಪಂಜಾಬಿನ ಜಸ್ಕರಣ್ ಸಿಂಗ್ ಎಂದೆ. "ಹಾಡ್ಲಿ ಬಿಡು, ನಿನಕಿಂತ ಸ್ವಚ್ಛ ಕನ್ನಡ ಅದ" ಎಂದಳು. ಮಾಳು ನಿಪನಾಳ ಎಂಬ ಹುಡುಗ ಡ್ರೈವರನ ಪ್ರೀತಿಯ ಮೇಲೆ ಹಾಡು ಕಟ್ಟಿದ. ನಮ್ಮೂರ ಟಂಟಂ, ಟ್ರಾಕ್ಟರ್, ಜೆಸಿಬಿ ಯಾವುದೂ ಆ ಹಾಡಿಲ್ಲದೆ ಸ್ಟಾರ್ಟ್ ಆಗುತ್ತಿರಲಿಲ್ಲ. 2025ರಲ್ಲಿ ಅವನು ಬಿಗ್ ಬಾಸ್ ಮನೆಗೇ ಹೋದ. ಹಾಡುಗಾರ ಬಾಳು ಬೆಳಗುಂದಿ ಸರಿಗಮಪ ವೇದಿಕೆ ಹತ್ತಿದ. ಯೋಗರಾಜ ಭಟ್ಟರು 'ಕರಟಕ ದಮನಕ'ದಲ್ಲಿ ನಮ್ಮ ಕಡೆಯ ಮಾತಿನ ಹಾಡು ಇಟ್ಟು ಶಿವಣ್ಣ, ಪ್ರಭುದೇವ ಇಬ್ಬರನ್ನೂ ಸಿನಿಮಾಕ್ಕೆ ಹಾಕಿದರು. ಹಾಡಿನ ಮಟ್ಟಿಗೆ ಉತ್ತರ ಕರ್ನಾಟಕದವರು ಗೆದ್ದಾಗಿದೆ ಎಂಬುದು ನನ್ನ ತೀರ್ಮಾನ.

ಸಿನಿಮಾದ ಮಟ್ಟಿಗೆ ಹಾಗೆ ಹೇಳಲಾರೆ, ಇಲ್ಲಿ ನನಗೆ ಸಿಟ್ಟಿದೆ. ಕರಾವಳಿಯವರು 'ಕಾಂತಾರ' ತೆಗೆದರು, 'ಸು ಫ್ರಮ್ ಸೋ' ತೆಗೆದರು. ಅವರ ಭಾಷೆ ನಮಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಯಾರೂ ಚಿಂತಿಸಲಿಲ್ಲ, ನಾವೂ ಚಿಂತಿಸದೆ ಶಿಳ್ಳೆ ಹೊಡೆದೆವು. ಕಲಬುರಗಿ ಕನ್ನಡ ಮಾತ್ರ ತೆರೆಗೆ ಬರಬೇಕಾದರೆ ಅಡಿಗೆಯವನೋ ವಾಚ್‌ಮನ್ನೋ ಆಗಿ, ಬಾಯಿ ತೆರೆದ ತಕ್ಷಣ ಮಂದಿ ನಗುವಂತೆ ಬರಬೇಕು. "ಹೋಗ್ಲಾಕತ್ತೀನ್ರಿ" ಎಂಬುದರಲ್ಲಿ ನಗುವಂಥದ್ದು ಏನಿದೆ? ನಾವು ದಿನಾ ಹೋಗ್ಲಾಕತ್ತೇವಿ. 2024ರಲ್ಲಿ ಬಂದ ಉತ್ಸವ್ ಗೋನವಾರ ಅವರ 'ಫೋಟೋ' ಒಂದೇ ನನ್ನ ಬಾಯಿ ಮುಚ್ಚಿಸಿದ್ದು. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ರಾಯಚೂರು ಸೀಮೆಯ ಹುಡುಗ. ಬೆಂಗಳೂರಿಗೆ ದುಡಿಯಲು ಹೋದ ಅಪ್ಪ. ನಡುವೆ ಬಿದ್ದ ಲಾಕ್‌ಡೌನ್. ಅದನ್ನು ನಾನು ಫೋನಿನಲ್ಲಿ ಒಬ್ಬನೇ ನೋಡಿದೆ. ಲಾಕ್‌ಡೌನಿನ ವರ್ಷ ಪುಣೆಯಿಂದ, ಹೈದರಾಬಾದಿನಿಂದ ನಮ್ಮ ಊರಿನ ಮಂದಿ ಬಿಸಿಲಿನಲ್ಲಿ ಗಂಟು ಹೊತ್ತು ಬಂದು ಊರ ಹೊರಗಿನ ಸಾಲೆಯಲ್ಲಿ ಕ್ವಾರಂಟೈನಿಗೆ ಬಿದ್ದಿದ್ದರು. ಆ ದಿನಗಳಲ್ಲಿ ನಮ್ಮ ಕಡೆ ಯಾರ ಡಿಜೆಯೂ ಹತ್ತಿರಲಿಲ್ಲ. ಸಾಲೆಯ ಕಿಟಕಿಯಿಂದ ಕೂಸುಗಳು ಅಳುವುದು ಊರಿಗೆಲ್ಲ ಕೇಳುತ್ತಿತ್ತು.

ಅದಿರಲಿ. ರಾಜಕೀಯಕ್ಕೆ ಬರೋಣ. ಅದು ನನ್ನ ಮಟ್ಟಿಗೆ ಸಂಗೀತದ್ದೇ ಒಂದು ಶಾಖೆ. 'ಜಾಗ್ವಾರ್' ಸಿನಿಮಾದ ಆಡಿಯೋ ಬಿಡುಗಡೆಯಲ್ಲಿ ಕುಮಾರಸ್ವಾಮಿಯವರು ಮಗನನ್ನು ಕೂಗಿದ "ನಿಖಿಲ್ ಎಲ್ಲಿದ್ದೀಯಪ್ಪ" 2019ರ ಮಂಡ್ಯ ಚುನಾವಣೆಯ ಹೊತ್ತಿಗೆ ಎದ್ದು ಬಂದು ರಾಜ್ಯವನ್ನೆಲ್ಲ ಕುಣಿಸಿತು. ಅದೇ ವರ್ಷದ ಉಪಚುನಾವಣೆಯಲ್ಲಿ ಕಾಗವಾಡದ ಕಡೆ ಸಿದ್ದರಾಮಯ್ಯನವರ ಭಾಷಣದ ನಡುವೆ ಯಾರೋ ಒಬ್ಬರು ಒದರಿದ "ಹೌದು ಹುಲಿಯಾ" ರಿಮಿಕ್ಸ್ ಆಗಿ ನಮ್ಮೂರ ಹಳದಿ ಕಾರ್ಯಕ್ರಮಕ್ಕೂ ಬಂತು. ಮದುಮಗ ಹುಲಿಯಂತೆ ಕಾಣದಿದ್ದರೂ ಎಲ್ಲರೂ ಹೌದೆಂದರು. ಇನ್ನು 2025ರ ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಚಿತ್ತಾಪುರ ದಿನಾ ಟಿವಿಯಲ್ಲಿತ್ತು. ಆರೆಸ್ಸೆಸ್ ಪಥಸಂಚಲನಕ್ಕೆ ಅಕ್ಟೋಬರಿನಲ್ಲಿ ಅನುಮತಿ ಸಿಗಲಿಲ್ಲ, ಬೇರೆ ಸಂಘಟನೆಗಳೂ ತಮಗೂ ಅದೇ ದಿನ ಬೇಕೆಂದವು, ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು, ಕಡೆಗೆ ನವೆಂಬರ್ 16ಕ್ಕೆ ನಡೆಯಿತು. ಯಾರು ಸರಿ ಯಾರು ತಪ್ಪು ಎಂದು ಚಾದ ಅಂಗಡಿಯಲ್ಲಿ ಎರಡು ಬಣ. ನಾನು ಮೂರನೆಯ ಬಣ. ನಡೆಯುವವರು 300, ವಾದ್ಯದವರು 50 ಎಂದು ಅನುಮತಿಯಲ್ಲೇ ಬರೆದದ್ದು ಓದಿ ಮೈ ಝುಂ ಎಂದಿತು. ನಮ್ಮ ತಾಲ್ಲೂಕುಗಳಲ್ಲಿ ಬಾಜಾ ಬಾರಿಸುವವರ ತಲೆ ಎಣಿಸಿ ಸರ್ಕಾರ ಕಾಗದ ಕೊಟ್ಟದ್ದನ್ನು ಮೊದಲು ಕಂಡಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಎರಡೂ ಬಣದವರು ಸೇರಿ ನನ್ನ ಚಾದ ದುಡ್ಡು ನನ್ನಿಂದಲೇ ಕೊಡಿಸಿದರು.

ಈಗ ಒಂದು ಸಭೆಯ ಕತೆ. ಊರಿನ ಹೆಸರು, ಪಕ್ಷದ ಹೆಸರು, ಸಾಹೇಬರ ಹೆಸರು ಯಾವುದನ್ನೂ ಹೇಳುವುದಿಲ್ಲ. ನಾನು ಇನ್ನೂ ಇಲ್ಲೇ ಬದುಕಬೇಕು. ತೊಗರಿ ರಾಶಿಯ ದಿನಗಳು. ಕುಡಿಯುವ ನೀರಿನ ಕಾಮಗಾರಿಗೆ ಭೂಮಿಪೂಜೆ. ಸೌಂಡ್ ನಮ್ಮ ಗೆಳೆಯನದು. ಹಿಂದಿನ ರಾತ್ರಿ ಒಂದು ಹಳದಿ ಕಾರ್ಯಕ್ರಮದಲ್ಲಿ ಅದೇ ಮಿಕ್ಸರಿಗೆ ನನ್ನ ಫೋನಿನ ಬ್ಲೂಟೂತ್ ಜೋಡಿಸಿದ್ದೆ, ಬಿಡಿಸಿರಲಿಲ್ಲ. ಖುರ್ಚಿ ಖಾಲಿ ಕಾಣಬಾರದೆಂದು ನನ್ನನ್ನು ಎರಡನೇ ಸಾಲಿನಲ್ಲಿ ಕೂಡಿಸಿದ್ದರು. ಹಿಂದೆ ಖಾಲಿ ಕೊಡಗಳಷ್ಟೇ ಸಹನೆಯಿಂದ ಕುಂತ ಹೆಣ್ಣುಮಕ್ಕಳು. ಸಾಹೇಬರು "ನಾನು ಲೀಡರ್ ಅಲ್ಲ, ನಿಮ್ಮ ಮನಿ ಮಗ" ಎಂದು ಚಪ್ಪಾಳೆಗಾಗಿ ನಿಂತರು. ಆ ಬಿಡುವಿನಲ್ಲಿ ನಾನು ರೀಲ್ಸ್ ತೆರೆದೆ.

ಪೆಂಡಾಲು ನಡುಗಿತು. 'ಪುಷ್ಪ 2'ರ ಬೇಸ್. ಸಾಹೇಬರು ಇದು ತಮಗಾಗಿ ಇಟ್ಟದ್ದೆಂದು ತಿಳಿದು ಕೈ ಎತ್ತಿದರು, ಹುಡುಗರು ಶಿಳ್ಳೆ ಹೊಡೆದರು. ನನಗೂ ಸೌಂಡ್ ಸೆಟ್ಟಿಂಗ್ ಚಲೋ ಕೂತಿದೆ ಎನಿಸಿ ತಲೆದೂಗಿದೆ. ವಿಚಿತ್ರವೆಂದರೆ ನನ್ನ ಫೋನಿನಿಂದ ಮಾತ್ರ ಸದ್ದೇ ಇಲ್ಲ. ಸಣ್ಣಗಾಗಿರಬೇಕೆಂದು ವಾಲ್ಯೂಮ್ ಪೂರ್ತಿ ಏರಿಸಿದೆ. ವೇದಿಕೆಯ ಮೇಲಿನ ನೀರಿನ ಬಾಟಲಿ ನಡೆಯುತ್ತ ಹೋಗಿ ಕೆಳಗೆ ಬಿತ್ತು. ಬೆರಳು ಸರಿಸಿದೆ. ಬಂದದ್ದು ಎದುರು ಪಾರ್ಟಿಯ ಎಲೆಕ್ಷನ್ ಹಾಡು.

ಅಷ್ಟೊತ್ತಿಗೆ ನನಗೆ ತಿಳಿದಿತ್ತು. ತಿಳಿದದ್ದೇ ಕೈ ಬೆವರಿತು, ಬೆವರಿದ ಬೆರಳಿಗೆ ಫೋನು ಆಫ್ ಆಗದು, ಸರಿಯುತ್ತಲೇ ಹೋಗುತ್ತದೆ. ಭೀಮಗೀತೆ ಬಂತು, ಹಿಂದಿನ ಸಾಲಿನ ಹುಡುಗರು ಎದ್ದು "ಜೈ ಭೀಮ್" ಎಂದರು, ಸಾಹೇಬರು ತಡಮಾಡದೆ ಮುಷ್ಟಿ ಎತ್ತಿ "ಜೈ ಭೀಮ್" ಎಂದರು. ಸರಿಯಿತು. ಲಂಬಾಣಿ ಹಾಡು, ತಾಂಡಾದ ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು, ಸಾಹೇಬರು ಕೈಮುಗಿದು "ಜೈ ಸೇವಾಲಾಲ್" ಎಂದರು. ಸರಿಯಿತು. ಕವ್ವಾಲಿ, ಸಾಹೇಬರ ಕೈ ಮುಗಿದದ್ದು ಹಾಗೇ ಹಣೆಗೆ ಹೋಗಿ ಸಲಾಮ್ ಆಯಿತು. ವಚನ ಬಂತು, "ಶರಣು ಶರಣಾರ್ಥಿ." ಒಂದು ಸಲವೂ ತಾಳ ತಪ್ಪಲಿಲ್ಲ. ಆ ಕ್ಷಣಕ್ಕೆ ನನಗೆ ಆ ಮನುಷ್ಯನ ಮೇಲೆ ನಿಜವಾದ ಗೌರವ ಹುಟ್ಟಿತು. ನನ್ನ ಪಟ್ಟಿ ನೋಡಿ ಫೋನು ವಾಪಸು ಕೊಟ್ಟ ಹುಡುಗನೆಲ್ಲಿ, ಅದೇ ಪಟ್ಟಿಗೆ ಒಂದೊಂದಾಗಿ ನಮಸ್ಕಾರ ಹಾಕಿದ ಇವರೆಲ್ಲಿ!

ಆಗ ಮೇಲಿನಿಂದ ವಾಟ್ಸಾಪ್ ಇಳಿಯಿತು. ಮುಚ್ಚಲು ಹೋಗಿ ಒತ್ತಿದೆ. ಎಂಟು ಬಾಕ್ಸುಗಳಿಂದ, ಎಕೋ ಸಮೇತ, ನಮ್ಮವ್ವ:

"ಎಲ್ಲಿ ಸತ್ತಿದ್ಯೋ? ನಳಕ್ಕ ನೀರ್ ಬಂದಾವ! ನಾಕ್ ಕೊಡಾ ಭಿ ತುಂಬಿಲ್ಲ. ಮೋಟರ್ ಯಾರ್ ಹಚ್ಚಬೇಕು, ನಿಮ್ಮ ಸಾಹೇಬ್ರು ಬಂದು ಹಚ್ತಾರೇನು? ಲಗೂನ ಬಾ!"

ಒಂದು ಗಳಿಗೆ ಯಾರೂ ಉಸಿರಾಡಲಿಲ್ಲ. ಆಮೇಲೆ ಹೆಣ್ಣುಮಕ್ಕಳ ಸಾಲು ಸಾಲೇ ಎದ್ದಿತು. ಯಾರೂ ಯಾರನ್ನೂ ಕರೆಯಲಿಲ್ಲ, ಯಾರೂ ವೇದಿಕೆ ಕಡೆ ತಿರುಗಿ ನೋಡಲಿಲ್ಲ. ಮೊಣಕಾಲು ನೋವಿನ ಮುದುಕಿಯರು ಕೂಡ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು. ಊರಿಗೆ ನೀರು ಬಂದು ವಾರದ ಮೇಲಾಗಿತ್ತು. ಮತ್ತೆ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು. ಅವರು ಓಡಿದ ರೀತಿ ನೋಡಿದ ಮೇಲೆ ನನಗೆ ನಗಲಾಗಲಿಲ್ಲ, ನಗು ಬಂದದ್ದು ಮರುದಿನ. ಸಾಹೇಬರು ಮಾತ್ರ ಮೈಕ್ ಬಿಡಲಿಲ್ಲ. ಖಾಲಿ ಖುರ್ಚಿಗಳ ಕಡೆ ಕೈ ತೋರಿಸಿ, "ನೋಡ್ರಿ, ಭೂಮಿಪೂಜೆ ಇನ್ನೂ ಆಗಿಲ್ಲ, ಆಗ್ಲೇ ನೀರ್ ತಂದೇವಿ!" ಎಂದರು. ಉಳಿದ ನಾಲ್ಕು ಮಂದಿ ಚಪ್ಪಾಳೆ ತಟ್ಟಿದರು, ಅದರಲ್ಲಿ ನಾನೂ ಒಬ್ಬ.

ಸಭೆ ಮುಗಿದ ಮೇಲೆ ಶೋಧ ನಡೆಯಿತು. ಮಿಕ್ಸರಿನ ಕಿರುಪರದೆಯಲ್ಲಿ ಜೋಡಣೆಯಾದ ಫೋನಿನ ಹೆಸರಿತ್ತು. ಬಿಳಿ ಅಂಗಿಯ ಇಬ್ಬರು ಓಣಿ ಓಣಿ ತಿರುಗಿ "ನೃಪತುಂಗ ಅನ್ನೋನು ಯಾರು? ಯಾವ ಪಾರ್ಟಿಯವ?" ಎಂದು ಕೇಳಿದರು. ಕಟ್ಟೆಯ ಮೇಲಿನ ಕಾಕಾ ಒಬ್ಬರು ಬಹಳ ಯೋಚಿಸಿ, "ಮಳಖೇಡದ ಕಡಿಯವ ಇರಬೇಕು ನೋಡ್ರಿ, ದೊಡ್ಡ ಮನಿತನ, ಈಗ ಏನೂ ಉಳಿದಿಲ್ಲ" ಎಂದರು. ಅವರು ಮೋಟರ್‌ಸೈಕಲ್ ಹತ್ತಿ ಮಳಖೇಡಕ್ಕೇ ಹೊರಟರು. ಕೋಟೆಯಲ್ಲಿ ಯಾರು ಸಿಕ್ಕರೋ ತಿಳಿಯದು.

ಆದರೂ ನೃಪತುಂಗ ಯಾರೆಂದು ಹೇಗೋ ಗೊತ್ತಾಗಿ, ವಾರದೊಳಗೆ ಸಾಹೇಬರ ಕಡೆಯವರೇ ಬಂದು, ಇಷ್ಟು ಹಾಡು ಇಟ್ಟವನು ನಮಗೂ ಒಂದು ಎಲೆಕ್ಷನ್ ಹಾಡು ಮಾಡಿಕೊಡು ಎಂದರು. ಎರಡು ದಿನ ಬಿಟ್ಟು ಎದುರು ಪಾರ್ಟಿಯವರೂ ಬಂದರು. ಒಂದೇ ಧಾಟಿಯಲ್ಲಿ ಇಬ್ಬರಿಗೂ ಸಾಲುವಂತೆ ಕಟ್ಟಿಟ್ಟಿದ್ದೇನೆ; ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಯುವಕರ ಆಶಾಕಿರಣ, ಎಲ್ಲ ಇವೆ. ತೊಂದರೆ ಒಂದೇ. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಹಾಡು ರೆಡಿ ಇದೆ, ಎಲೆಕ್ಷನ್ ಬಂದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಮೂರಕ್ಷರದ ಹೆಸರಾದರೆ ತಾಳಕ್ಕೆ ಚಲೋ ಕೂಡುತ್ತದೆ. ಅಡ್ವಾನ್ಸ್ ಎಲ್ಲ ಪಾರ್ಟಿಗೂ ಒಂದೇ.