ಕರಿ ಆಯಿಲ್‌ಗೆ ಹಸಿರು ಬಣ್ಣ

ಗಾಡಿಯಿಂದ ಇಳಿಸಿದ ಹಳೇ ಆಯಿಲ್ ಈಗ ‘ಹಸಿರು ಇಂಧನ’ವಂತೆ. ಬಾಯ್ಲರ್‌ಗೆ ಫರ್ನೇಸ್ ಆಯಿಲ್ ಬದಲು ಇದನ್ನು ಸುರಿದರೆ ಖರ್ಚೂ ಕಮ್ಮಿ, ಪುಣ್ಯವೂ ಪುಕ್ಕಟೆ.

ಉರಿಯುತ್ತೆ, ಸುಳ್ಳಲ್ಲ. ಕಿಲೋಗೆ ಸುಮಾರು 10,000 ಕಿಲೋ ಕ್ಯಾಲೊರಿ ಶಾಖ. ಜೊತೆಗೆ ಎಂಜಿನ್‌ನಲ್ಲಿ ಸವೆದ ಲೋಹ, ಮಸಿ, ನೀರು. ಸೋಸದೆ ಉರಿಸಿದರೆ ಉಗಿ ಕಾರ್ಖಾನೆಗೆ, ಲೋಹ ನಮ್ಮ ಶ್ವಾಸಕೋಶಕ್ಕೆ. ಎಂಥ ನ್ಯಾಯವಾದ ಪಾಲು!

ಕಾನೂನಿಗೇನು ಬರವೇ? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ. ಇಂಧನ ಅನ್ನಿಸಿಕೊಳ್ಳಬೇಕಾದರೆ ಸೀಸ ಹತ್ತು ಲಕ್ಷಕ್ಕೆ 100 ಪಾಲು ಮೀರಬಾರದು. ಸಾಗಿಸಿದರೆ ಮ್ಯಾನಿಫೆಸ್ಟ್ ಚೀಟಿ ಬೇಕು. ಸುಡೋ ಮಾತು ಆಮೇಲೆ, ಮೊದಲು ಶುದ್ಧಿ ಮಾಡಿ ಮತ್ತೆ ಬಳಸಿ ಅನ್ನೋದೇ ಆ ನಿಯಮಗಳ ಕ್ರಮ. 2024ರ ಏಪ್ರಿಲ್ 1ರಿಂದ ಆಯಿಲ್ ಕಂಪನಿಗಳಿಗೂ ಹಳೇ ಆಯಿಲ್‌ನ ಹೊಣೆ ಹೊರಿಸಿದ್ದಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ನಿಸರ್ಗ ಭವನವೂ ದೂರದಲ್ಲಿಲ್ಲ, ಬಸವೇಶ್ವರನಗರದ ಪಕ್ಕದ ಶಿವನಗರದಲ್ಲೇ ಇದೆ.

ಈಗ ಬಸವೇಶ್ವರನಗರದ ಯಾವುದಾದರೂ ರಸ್ತೆಬದಿ ಗ್ಯಾರೇಜ್ ಮುಂದೆ ನಿಲ್ಲಿ. ಅಡಿಯ ಬೋಲ್ಟ್ ಬಿಚ್ಚುತ್ತಾರೆ. ಅರ್ಧ ಕತ್ತರಿಸಿದ ಕ್ಯಾನಿಗೆ ಕರಿ ಆಯಿಲ್ ಇಳಿಯುತ್ತೆ, ಕ್ಯಾನಿನಿಂದ ಡ್ರಮ್ಮಿಗೆ. ಚೆಲ್ಲಿದ್ದರ ಮೇಲೆ ಮರದ ಹೊಟ್ಟು. ಮಳೆ ಬಂದರೆ ಹೊಟ್ಟಿನ ಸಮೇತ ಚರಂಡಿಗೆ, ಅಲ್ಲಿಂದ ವೃಷಭಾವತಿಗೆ, ಕೊನೆಗೆ ಬಿಡದಿ ಬಳಿಯ ಬೈರಮಂಗಲ ಕೆರೆಗೆ. ಆ ಕೆರೆಯವರು ನಮ್ಮ ಗಾಡಿ ಹತ್ತಿದವರೇ ಅಲ್ಲ.

ಡ್ರಮ್ ತುಂಬಿದ ದಿನ ಟೆಂಪೊ ಬರುತ್ತೆ. ಯಾರದು, ಎಲ್ಲಿಗೆ? ಕೇಳಬೇಡಿ. ದುಡ್ಡು ಎಣಿಸೋಕೆ ಪುರುಸೊತ್ತಿದೆ, ಚೀಟಿ ಬರೆಯೋಕಿಲ್ಲ. ಸ್ವಲ್ಪ ಸೆಂಟ್ರಿಂಗ್ ಶೀಟಿಗೆ ಸವರೋಕೆ. ಸ್ವಲ್ಪ ಗೆದ್ದಲು ಹತ್ತದಿರಲಿ ಅಂತ ಮರಕ್ಕೆ. ಉಳಿದದ್ದು ‘ಪರ್ಯಾಯ ಇಂಧನ’.

ಮೆಕ್ಯಾನಿಕ್‌ನ ಬೈಯೋದು ಸುಲಭ. ಕಾರಿನ ಯಜಮಾನರೋ? “ಒರಿಜಿನಲ್ಲೇ ಹಾಕಪ್ಪಾ” ಅಂತ ಹೊಸ ಡಬ್ಬಿಯ ಸೀಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಇಳಿದ ಆಯಿಲ್ ಎಲ್ಲಿ ಹೋಯ್ತು ಅಂತ ಕತ್ತು ಕೂಡ ಹೊರಳಿಸಲ್ಲ. ಸಂಜೆ ಪಾರ್ಕಿನಲ್ಲಿ ಅವರದೇ ಭಾಷಣ, ಪೀಣ್ಯದ ಹೊಗೆ ಬಗ್ಗೆ.

ಕಾರ್ಖಾನೆ ಸಾಹುಕಾರರದ್ದು ಇನ್ನೂ ಚೆಂದ. ಜೂನ್ 5ಕ್ಕೆ ಗಿಡ ನೆಡುತ್ತಾರೆ. ಫೋಟೊದಲ್ಲಿ ಗಿಡ ಇರುತ್ತೆ, ಸಾಹುಕಾರರು ಇರುತ್ತಾರೆ, ಚಿಮಣಿ ಮಾತ್ರ ಇರಲ್ಲ. ಫೋಟೊಗ್ರಾಫರ್ ಜಾಣ.

ಹಸಿರಿನ ಮಾತು ಆಮೇಲಾಡಿ ಸ್ವಾಮಿ. ಆಯಿಲ್‌ನ ಲ್ಯಾಬ್ ರಿಪೋರ್ಟ್ ಎಲ್ಲಿ? ಮ್ಯಾನಿಫೆಸ್ಟ್ ಎಲ್ಲಿ? ಚಿಮಣಿ ಹೊಗೆಯನ್ನು ಅಳೆದ ಲೆಕ್ಕ ಎಲ್ಲಿ? ಮೂರನ್ನೂ ಫ್ಯಾಕ್ಟರಿ ಗೇಟಿಗೆ ಅಂಟಿಸಿ. ಓದೋಕೆ ನಾವೇ ಬರ್ತೀವಿ.