ಪಂಚಾಯ್ತಿಯಿಂದ ಬಂದ ಸಾಹೇಬರು

“ನಮ್ ಸಾಹೇಬ್ರು ಗ್ರಾಮ ಪಂಚಾಯ್ತಿಯಿಂದ ಎಮ್ಮೆಲ್ಲೆ ಆದೋರು ಸ್ವಾಮಿ, ಹಳ್ಳಿ ಕಷ್ಟ ಗೊತ್ತು.” ಗೊತ್ತಿರೋದೇ ತೊಂದರೆ, ಮಾರಾಯ. ಚರಂಡಿ ಬಿಲ್ಲಿಗೆ ಸಹಿ ಹಾಕಿ ಮೇಲೆ ಬಂದವರಿಗೆ, ಅದೇ ಸಹಿಯಿಂದ ಇನ್ನೊಬ್ಬನೂ ಬೆಳೆದಾನು ಎಂಬುದು ಚೆನ್ನಾಗಿ ಗೊತ್ತು. ಐದು ವರ್ಷಕ್ಕೊಮ್ಮೆ ಪಂಚಾಯ್ತಿ ಚುನಾವಣೆ ಎಂದು ಸಂವಿಧಾನದ 73ನೇ ತಿದ್ದುಪಡಿ ಹೇಳುತ್ತದೆ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಕುರ್ಚಿ ಖಾಲಿ. ಸದಸ್ಯರಿಲ್ಲದ ಊರಿನ ಅರ್ಜಿಯೆಲ್ಲ ಸಾಹೇಬರ ಮನೆಬಾಗಿಲಿಗೇ.

“ಚುನಾವಣೆ ತಡವಾಗಿದ್ದು ಕ್ಷೇತ್ರ ವಿಂಗಡಣೆ, ಮೀಸಲಾತಿ ತಕರಾರಿನಿಂದ. ಅವರದೇನು ತಪ್ಪು?” ತಕರಾರು ನಿಜ. ಆದರೆ ಶಾಸಕರ ಸಂಬಳ ಏರಿಸುವ ಮಸೂದೆ 2025ರ ಮಾರ್ಚ್‌ನಲ್ಲಿ ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಪಾಸಾಯಿತು. ಮನಸ್ಸಿದ್ದ ಕಡೆ ತಕರಾರು ಅಡ್ಡ ಬರುವುದಿಲ್ಲ.

“ಸರಿ, ಚುನಾವಣೆ ಬಂದ್ರೆ ಹೊಸಬರಿಗೆ ಅವಕಾಶ ಕೊಡ್ತಾರೆ ಬಿಡಿ.” ಖಂಡಿತ. ಅವರ ಮಗ ಇನ್ನೂ ಒಮ್ಮೆಯೂ ನಿಂತಿಲ್ಲವಲ್ಲ!